ತಂತ್ರಾಂಶವೆಂಬ ಸ್ವತ್ತು: ನಿರ್ವಹಣೆಯ ಪಕ್ವತೆಯನ್ನು ಅಳೆಯುವ ಬಗೆ

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ‘ಸಾಹಿತ್ಯ ಕೃತಿ’ ಎಂಬುದಕ್ಕೆ ನೀಡುವ ವ್ಯಾಖ್ಯೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸೇರಿದೆ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಮೊದಲ ಓದಿಗೆ ಇದು ವಿನೋದವಾಗಿ ಕಂಡಿತ್ತು. ಆದರೆ ಕೊಳ್ಳುವವನ ದೃಷ್ಟಿಯಿಂದ ಈ ಎರಡು ‘ಕೃತಿ’ಗಳ ನಡುವಿನ ಅಂತರ ದೊಡ್ಡದು. ಕಾದಂಬರಿಯ ಪ್ರತಿಯನ್ನು ಕೊಂಡವನು ಅದನ್ನು ಗೆಳೆಯನಿಗೆ ಕೊಡಬಹುದು, ಹಳೆಯ ಪುಸ್ತಕದಂಗಡಿಗೆ ಮಾರಬಹುದು. ತಂತ್ರಾಂಶಕ್ಕೆ ಹಣ ತೆತ್ತವನಿಗೆ ಸಾಮಾನ್ಯವಾಗಿ ದೊರೆಯುವುದು ಷರತ್ತುಬದ್ಧವಾದ ಬಳಕೆಯ ಅನುಮತಿ ಮಾತ್ರ. ಉಲ್ಲಂಘನೆಯ ಪ್ರತಿಯೆಂದು ತಿಳಿದೂ ಬಳಸಿದವರಿಗೆ ಇದೇ ಕಾಯಿದೆಯ 63ಬಿ ಕಲಮು 3 ವರ್ಷಗಳವರೆಗಿನ ಸೆರೆವಾಸವನ್ನೂ 2 ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸುತ್ತದೆ.

ಆದ್ದರಿಂದ ಒಂದು ಸಂಸ್ಥೆಯು ಎರಡು ಲೆಕ್ಕಗಳನ್ನು ಇಡಬೇಕಾಗುತ್ತದೆ: ಬಳಸಲು ತನಗಿರುವ ಹಕ್ಕೆಷ್ಟು, ವಾಸ್ತವವಾಗಿ ಬಳಸುತ್ತಿರುವುದೆಷ್ಟು. ತಾಳವಾಡಿ ಸೀಮೆಯ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಮ್ಮ ಜೀರಹಳ್ಳಿಯಲ್ಲಿ ಪಟ್ಟಾ ಬೇರೆ, ಅಡಂಗಲ್ ಬೇರೆ. ನೆಲ ಯಾರದೆಂಬುದನ್ನು ಪಟ್ಟಾ ಹೇಳುತ್ತದೆ. ಯಾವ ಹೊಲದಲ್ಲಿ ಯಾವ ಬೆಳೆ ನಿಂತಿದೆ ಎಂಬುದನ್ನು ಅಡಂಗಲ್ ಹೇಳುತ್ತದೆ. ಪರವಾನಗಿಯ ಪತ್ರಗಳು ಪಟ್ಟಾ ಇದ್ದಂತೆ, ಯಂತ್ರಗಳಲ್ಲಿ ಸ್ಥಾಪಿತವಾಗಿರುವ ತಂತ್ರಾಂಶಗಳ ಪಟ್ಟಿ ಅಡಂಗಲ್ ಇದ್ದಂತೆ. ಇವೆರಡನ್ನೂ ತಾಳೆ ನೋಡಿ ಕೊರತೆ–ಹೆಚ್ಚುವರಿಗಳನ್ನು ತಿಳಿಯುವುದೇ ತಂತ್ರಾಂಶ ಸ್ವತ್ತು ನಿರ್ವಹಣೆಯ ತಿರುಳು. ಕೊರತೆಯಿದ್ದರೆ ದಂಡದ ಭಯ. ಹೆಚ್ಚುವರಿಯಿದ್ದರೆ ಯಾರೂ ತೆರೆಯದ ಪ್ರೋಗ್ರಾಮಿಗೆ ವರ್ಷವರ್ಷವೂ ಹಣ ಪೋಲು.

ಈ ನಿರ್ವಹಣೆ ಎಷ್ಟು ‘ಪಕ್ವ’ವಾಗಿದೆ ಎಂದು ಅಳೆಯುವ ಕಲ್ಪನೆಯ ಮೂಲ ಬೇರೆಡೆಯಿದೆ. ಅಮೆರಿಕದ ರಕ್ಷಣಾ ಇಲಾಖೆಗೆ ತಂತ್ರಾಂಶ ಒದಗಿಸುವ ಗುತ್ತಿಗೆದಾರರ ಸಾಮರ್ಥ್ಯವನ್ನು ಅಳೆಯಲು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂತ್ರಾಂಶ ಎಂಜಿನಿಯರಿಂಗ್ ಸಂಸ್ಥೆಯು 1980ರ ದಶಕದ ಉತ್ತರಾರ್ಧದಲ್ಲಿ ಐದು ಹಂತಗಳ ಮಾದರಿಯೊಂದನ್ನು ರೂಪಿಸತೊಡಗಿತು. ಬೆಂಗಳೂರಿನ ಕಂಪನಿಗಳು 1990ರ ದಶಕದಲ್ಲಿ ‘ಐದನೆಯ ಹಂತ’ವೆಂದು ಹೆಮ್ಮೆಯಿಂದ ಹೇಳಿಕೊಂಡದ್ದು ಇದನ್ನೇ. ಆದರೆ ಅದು ತಂತ್ರಾಂಶವನ್ನು ತಯಾರಿಸುವ ಕ್ರಮದ ಅಳತೆ. ತಾನು ಬಳಸುವ ತಂತ್ರಾಂಶದ ಲೆಕ್ಕವಿಡುವುದು ಬೇರೆಯ ವಿದ್ಯೆ. ಮೊದಲನೆಯದರಲ್ಲಿ ಐದು ಏರಿದವರು ಎರಡನೆಯದರಲ್ಲಿ ಒಂದರಲ್ಲೇ ಉಳಿದಿರಬಹುದು. ‘ಪಕ್ವತೆ’ ಎಂಬ ಪದದ ಬಗ್ಗೆಯೂ ನನಗೆ ಅರೆಮನಸ್ಸಿದೆ. ಹಣ್ಣು ಕಾಲ ಬಂದಾಗ ತಾನಾಗಿ ಮಾಗುತ್ತದೆ. ಕಚೇರಿ ಹಾಗೆ ಮಾಗುವುದನ್ನು ನಾನು ಕಂಡಿಲ್ಲ.

ಸ್ವತ್ತು ನಿರ್ವಹಣೆಗೆಂದೇ ಅಂತರರಾಷ್ಟ್ರೀಯ ಮಾನಕವೊಂದಿದೆ: ಐಎಸ್‌ಒ/ಐಇಸಿ 19770ರ ಮೊದಲ ಭಾಗ. ಇದು 2006ರಲ್ಲಿ ಮೊದಲು ಬಂದು, 2012ರಲ್ಲಿ ಮತ್ತು 2017ರಲ್ಲಿ ಪರಿಷ್ಕೃತವಾಯಿತು. ಈಗಿನ ರೂಪದಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ನಂಬಲರ್ಹವಾದ ಮಾಹಿತಿ. ಎರಡನೆಯದು ಕೊಳ್ಳುವಿಕೆಯಿಂದ ವಿಸರ್ಜನೆಯವರೆಗಿನ ಇಡೀ ಜೀವನಚಕ್ರದೊಡನೆ ನಿರ್ವಹಣೆಯ ಹೊಂದಾಣಿಕೆ. ಮೂರನೆಯದು ವೆಚ್ಚ ಮತ್ತು ಪ್ರಯೋಜನಗಳ ಸುಧಾರಣೆ. ಈ ಅನುಕ್ರಮದಲ್ಲಿ ವಿವೇಕವಿದೆ. ಮಾಹಿತಿಯೇ ಸುಳ್ಳಾಗಿದ್ದರೆ ಮುಂದಿನದೆಲ್ಲ ಮರಳ ಮೇಲಿನ ಗೋಡೆ.

ಮೌಲ್ಯಮಾಪನ ಬಹುತೇಕ ಕಡೆ ಪ್ರಶ್ನಾವಳಿಯಿಂದ ನಡೆಯುತ್ತದೆ. ‘ನಿಮ್ಮಲ್ಲಿ ತಂತ್ರಾಂಶಗಳ ದಾಖಲೆ ಪುಸ್ತಕ ಇದೆಯೇ?’ ಎಂದು ಕೇಳಿದರೆ ಎಲ್ಲರೂ ‘ಇದೆ’ ಎನ್ನುತ್ತಾರೆ. ಆ ಉತ್ತರದಿಂದ ಏನೂ ತಿಳಿಯದು. ದಾಖಲೆಯಿಂದ ಯಂತ್ರಕ್ಕೂ ಯಂತ್ರದಿಂದ ದಾಖಲೆಗೂ ಎರಡು ದಿಕ್ಕಿನಲ್ಲಿ ನಡೆದು ನೋಡುವುದು ಮೇಲು. ಮನಬಂದಂತೆ ಐದು ಕಂಪ್ಯೂಟರುಗಳನ್ನು ಆರಿಸಿ, ಅವುಗಳಲ್ಲಿರುವ ಪ್ರತಿಯೊಂದು ತಂತ್ರಾಂಶವೂ ಪುಸ್ತಕದಲ್ಲಿದೆಯೇ ಎಂದು ನೋಡಬೇಕು. ಬಳಿಕ ಪುಸ್ತಕದಿಂದ ಐದು ನಮೂದುಗಳನ್ನು ಆರಿಸಿ, ಅವುಗಳ ರಸೀದಿ, ಕರಾರು ಮತ್ತು ಕೀಲಿಸಂಖ್ಯೆಗಳನ್ನು ತೋರಿಸುವಂತೆ ಕೇಳಬೇಕು. ಅವು ಸಿಗಲು ಒಂದು ಗಂಟೆ ಸಾಕಾಯಿತೋ ಒಂದು ವಾರ ಹಿಡಿಯಿತೋ ಎಂಬುದೇ ಒಂದು ಅಳತೆ. ಕಳೆದ ವರ್ಷ ಕೆಲಸ ಬಿಟ್ಟವರ ಹೆಸರುಗಳನ್ನು ಪಡೆದು, ಅವರ ಖಾತೆಗಳು ಯಾವ ದಿನ ಮುಚ್ಚಿದವೆಂದು ವಿಚಾರಿಸಬೇಕು. ಸಂಸ್ಥೆಯ ನಿಜವಾದ ಸ್ಥಿತಿಯನ್ನು ಈ ಕೊನೆಯ ಪ್ರಶ್ನೆಯಷ್ಟು ಬೇಗ ಬಯಲು ಮಾಡುವುದು ಬೇರೊಂದಿಲ್ಲ.

ಅಂಕಗಳ ಸರಾಸರಿ ತೆಗೆಯುವ ರೂಢಿಯನ್ನು ನಾನು ಒಪ್ಪಲಾರೆ. ಖರೀದಿಯಲ್ಲಿ ಐದು, ವಿಸರ್ಜನೆಯಲ್ಲಿ ಒಂದು ಅಂಕ ಬಂದರೆ ಸರಾಸರಿ ಮೂರು ಎಂಬುದು ಗಣಿತಕ್ಕೆ ಸರಿ. ಆದರೆ ನೀರು ಸೋರುವುದು ಒಡೆದ ಕಡೆಯಿಂದಲೇ.

ಎಣಿಕೆಯ ಏಕಮಾನವೂ ಒಂದು ತೊಡಕು. ಯಂತ್ರಕ್ಕೊಂದು ಪರವಾನಗಿ, ಬಳಕೆದಾರನಿಗೊಂದು, ಏಕಕಾಲದಲ್ಲಿ ಬಳಸುವವರ ಸಂಖ್ಯೆಗೆ ತಕ್ಕಂತೆ, ಸಂಸ್ಕಾರಕದ ತಿರುಳುಗಳ ಲೆಕ್ಕದಲ್ಲಿ—ಹೀಗೆ ಒಪ್ಪಂದದಿಂದ ಒಪ್ಪಂದಕ್ಕೆ ಅಳತೆ ಬದಲಾಗುತ್ತದೆ. ಒರಾಕಲ್ ಕಂಪನಿಯು 2023ರ ಜನವರಿಯಲ್ಲಿ ತನ್ನ ಜಾವಾ ಚಂದಾದಾರಿಕೆಯನ್ನು ಸಂಸ್ಥೆಯ ಒಟ್ಟು ನೌಕರರ ಸಂಖ್ಯೆಗೆ ಕಟ್ಟಿಹಾಕಿತು. ಈ ಕ್ರಮದಲ್ಲಿ ಐದು ಜನರಷ್ಟೇ ಬಳಸಿದರೂ ಐನೂರು ನೌಕರರಿದ್ದರೆ ಐನೂರರ ಲೆಕ್ಕ. ಯಂತ್ರಗಳನ್ನು ಎಣಿಸುವುದರಲ್ಲಿ ನಿಪುಣವಾದ ಸಂಸ್ಥೆಯೂ ಕರಾರನ್ನು ಓದಬಲ್ಲವರಿಲ್ಲದಿದ್ದರೆ ಇಲ್ಲಿ ಎಡವುತ್ತದೆ.

ಉಚಿತ ತಂತ್ರಾಂಶಕ್ಕೆ ಈ ಗೋಜಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ಲಾಗ್‌ಫೋರ್‌ಜೆ ಎಂಬ ಮುಕ್ತ ಆಕರದ ಘಟಕದಲ್ಲಿ 2021ರ ಡಿಸೆಂಬರಿನಲ್ಲಿ ಗಂಭೀರ ದೋಷ ಬಯಲಾದಾಗ, ಅದಕ್ಕೆ ಪರಿಹಾರ ಲಭ್ಯವಿದ್ದರೂ ಆ ಘಟಕ ತಮ್ಮ ಯಾವ ಯಾವ ವ್ಯವಸ್ಥೆಗಳಲ್ಲಿ ಅಡಗಿದೆ ಎಂಬುದೇ ಅನೇಕ ಸಂಸ್ಥೆಗಳಿಗೆ ತಿಳಿದಿರಲಿಲ್ಲ.

ಭಾಷಾ ಸಂಶೋಧನೆಯ ಪತ್ರಿಕೆಗೆ ಇದೆಲ್ಲ ಏಕೆಂದು ಓದುಗರು ಕೇಳಬಹುದು. ನಮ್ಮ ಅನುಭವವನ್ನೇ ಹೇಳುತ್ತೇನೆ. ಬೆಟ್ಟದ ಊರಾಳಿ ಹಾಡಿಗಳಲ್ಲಿ ಹಿರಿಯರಿಂದ ಸಂಗ್ರಹಿಸಿದ ಪದಪಟ್ಟಿಯೊಂದನ್ನು ಯೂನಿಕೋಡ್ ಪೂರ್ವದ ಅಕ್ಷರವಿನ್ಯಾಸದಲ್ಲಿ, ಒಂದು ಡಿಟಿಪಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಲಾಗಿತ್ತು. ಅಂಥ ಕಡತದ ಒಳಗಿರುವುದು ರೋಮನ್ ಸಂಕೇತಗಳು. ಅದಕ್ಕೆ ಸೇರಿದ ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಆ ತಂತ್ರಾಂಶ ತೆರೆಯಬೇಕಾದರೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಚಿಕ್ಕದೊಂದು ‘ಲಾಕ್’ ಬೇಕಿತ್ತು. ಕೊಠಡಿ ಬದಲಾಯಿಸಿದಾಗ ಅದು ಕಳೆದುಹೋಯಿತು. ಹೊಸದನ್ನು ಪಡೆಯಲು ರಸೀದಿ ಹುಡುಕಿದರೆ, ಖರೀದಿ ನಡೆದದ್ದು ಮುಗಿದುಹೋದ ಯೋಜನೆಯೊಂದರ ಹೆಸರಿನಲ್ಲಿ. ಕಾಗದಗಳು ಯಾರ ಬಳಿಯೂ ಇರಲಿಲ್ಲ. ಹಾಳೆಯ ಮೇಲೆ ಮುದ್ರಿತವಾಗಿ ಉಳಿದಿದ್ದ ಪುಟಗಳಿಂದ ಅರ್ಧದಷ್ಟನ್ನು ಮರಳಿ ಬೆರಳಚ್ಚಿಸಿದೆವು. ಉಳಿದರ್ಧಕ್ಕಾಗಿ ಮತ್ತೆ ಹಾಡಿಗೆ ಹೋದಾಗ, ಮಾಹಿತಿ ಕೊಟ್ಟಿದ್ದವರಲ್ಲಿ ಇಬ್ಬರು ತೀರಿಕೊಂಡಿದ್ದರು. ತಪ್ಪು ನಮ್ಮದೇ.

ಆಮೇಲೆ ನಾವು ಮಾಡಿದ ಕೆಲಸ ಸರಳ. ಒಂದು ಸ್ಪ್ರೆಡ್‌ಶೀಟು; ತಂತ್ರಾಂಶದ ಹೆಸರು, ಆವೃತ್ತಿ, ಯಾರ ಹೆಸರಿನಲ್ಲಿ ಕೊಂಡದ್ದು, ರಸೀದಿಯ ಪ್ರತಿ ಎಲ್ಲಿದೆ, ಅವಧಿ ಮುಗಿಯುವ ದಿನ, ಮತ್ತು ಯಾವ ಯಾವ ಕಡತಗಳು ತೆರೆಯಲು ಇದನ್ನೇ ನಂಬಿವೆ. ಈ ಕೊನೆಯ ಕಲಮು ಮಾನಕದಲ್ಲಿ ಕಂಡದ್ದಲ್ಲ, ನಾವೇ ಸೇರಿಸಿದ್ದು. ಹತ್ತು ಯಂತ್ರಗಳಿಲ್ಲದ ಕಚೇರಿಗೆ ಮೂರನೆಯ ಮೆಟ್ಟಿಲು ಬೇಕಿಲ್ಲ. ಅದಕ್ಕೆಂದೇ ದುಬಾರಿ ತಂತ್ರಾಂಶ ಕೊಂಡು, ಅದನ್ನೂ ಪಟ್ಟಿಗೆ ಸೇರಿಸುವ ಅಗತ್ಯವೂ ಇಲ್ಲ. ಕಳೆದ ಬಾರಿ ತಾಳೆ ನೋಡಿದಾಗ ಆರಿಸಿದ ಐದು ನಮೂದುಗಳಲ್ಲಿ ನಾಲ್ಕಕ್ಕೆ ರಸೀದಿ ಸಿಕ್ಕಿತು. ಐದನೆಯದು ಅನುದಾನ ನೀಡಿದವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಬಂದ ತಂತ್ರಾಂಶ. ಅದರ ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ಕೇಳಿ ಪತ್ರ ಬರೆದಿದ್ದೇವೆ.