ನರ್ಸ್ ‘ನಿಲ್ಲಿಸಿ’ ಅಂದರೆ ಡಾಕ್ಟರ್ ನಿಲ್ಲಿಸಬೇಕು

ಐಸಿಯುನಲ್ಲಿ ಮಲಗಿದ ರೋಗಿಯ ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ಸಣ್ಣ ನಳಿಕೆಯೊಂದನ್ನು ಎಷ್ಟೋ ಜನ ನೋಡಿರುತ್ತಾರೆ. ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಇಳಿಯುವ ಇದಕ್ಕೆ ‘ಸೆಂಟ್ರಲ್ ಲೈನ್’ ಎಂದು ಹೆಸರು. ಔಷಧ ಹೋಗುವ ದಾರಿಯಲ್ಲೇ ರೋಗಾಣುವೂ ನುಗ್ಗಬಹುದು. ನುಗ್ಗಿದರೆ ಸೋಂಕು ನೇರವಾಗಿ ರಕ್ತಕ್ಕೆ.

2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಐಸಿಯು ತಜ್ಞ ಪೀಟರ್ ಪ್ರೊನೊವೊಸ್ಟ್ ಈ ನಳಿಕೆ ಹಾಕುವಾಗ ತಪ್ಪದೆ ಮಾಡಬೇಕಾದ ಐದು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದರು. ಸೋಪಿನಿಂದ ಕೈ ತೊಳೆಯುವುದು, ಚರ್ಮಕ್ಕೆ ರೋಗಾಣುನಾಶಕ ಕ್ಲೋರ್‌ಹೆಕ್ಸಿಡಿನ್ ಹಚ್ಚುವುದು, ರೋಗಿಯ ಇಡೀ ಮೈಗೆ ಸೋಂಕುರಹಿತ ಬಟ್ಟೆ ಹೊದಿಸುವುದು, ಮಾಸ್ಕ್-ಟೋಪಿ-ಗೌನು-ಗ್ಲೌಸ್ ತೊಡುವುದು, ಕೊನೆಗೆ ಡ್ರೆಸ್ಸಿಂಗ್. ಇದರಲ್ಲಿ ಡಾಕ್ಟರುಗಳಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಆದರೂ ಒಂದು ತಿಂಗಳು ಗಮನಿಸಲು ನರ್ಸ್‌ಗಳಿಗೆ ಹೇಳಿದಾಗ ಬಯಲಾದದ್ದು ಬೇರೆಯೇ: ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರೋಗಿಗಳ ವಿಷಯದಲ್ಲಿ ಒಂದಲ್ಲ ಒಂದು ಹಂತ ತಪ್ಪಿಹೋಗಿತ್ತು.

ಮುಂದಿನ ಹೆಜ್ಜೆಯೇ ನಿಜವಾದ ಬದಲಾವಣೆ. ಹಂತ ಬಿಟ್ಟುಹೋದರೆ ಡಾಕ್ಟರನ್ನು ತಡೆಯುವ ಅಧಿಕಾರವನ್ನು ಆಡಳಿತ ನರ್ಸ್‌ಗಳಿಗೆ ಕೊಟ್ಟಿತು. ಅಲ್ಲಲ್ಲಿ ಹುಡುಕಬೇಕಿದ್ದ ಸಾಮಗ್ರಿಗಳೆಲ್ಲ ಒಂದೇ ತಳ್ಳುಗಾಡಿಗೆ ಬಂದವು. ಅವಸರದಲ್ಲಿರುವವರು ಕೈಗೆ ಸಿಗದ ವಸ್ತುವನ್ನು ಬಿಟ್ಟು ಮುಂದೆ ಹೋಗಿಬಿಡುತ್ತಾರೆ. ಅದನ್ನು ಬೈಗುಳದಿಂದ ಸರಿಪಡಿಸಲಾಗದು, ಗಾಡಿ ಸರಿಪಡಿಸುತ್ತದೆ.

ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇದೇ ಕ್ರಮ ಜಾರಿಗೆ ಬಂತು. ಸಾವಿರ ಕ್ಯಾಥೆಟರ್ ದಿನಗಳಿಗೆ (ಒಬ್ಬ ರೋಗಿಯ ಮೈಯಲ್ಲಿ ನಳಿಕೆ ಇರುವ ಒಂದು ದಿನವೆಂದರೆ ಒಂದು ಕ್ಯಾಥೆಟರ್ ದಿನ) 2.7 ಇದ್ದ ಸೋಂಕಿನ ಮಧ್ಯಾಂಕ ಮೂರೇ ತಿಂಗಳಲ್ಲಿ ಸೊನ್ನೆಗೆ ಇಳಿಯಿತು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು.

ಹಾಗೆಂದು ಹಾಳೆಯೇ ಮಂತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟ್ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣವನ್ನು ಶೇ. 1.5ರಿಂದ 0.8ಕ್ಕೆ ಇಳಿಸಿದೆ ಎಂದು 2009ರ ವರದಿ ಹೇಳಿತ್ತು. ದೆಹಲಿಯೂ ಅವುಗಳಲ್ಲಿ ಒಂದು. ಆದರೆ ಕೆನಡಾದ ಒಂಟಾರಿಯೊದ 101 ಆಸ್ಪತ್ರೆಗಳಲ್ಲಿ ಚೆಕ್‌ಲಿಸ್ಟ್ ಬಂದ ಮೇಲೆ ಸಾವು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ ಎಂದು 2014ರ ಅಧ್ಯಯನ ತಿಳಿಸಿತು. ತಂಡ ನಿಜಕ್ಕೂ ನಿಂತು ಮಾತಾಡಿತೋ, ಬರೀ ಟಿಕ್ ಹಾಕಿತೋ ಎಂಬ ಚರ್ಚೆ ಆಗ ಜೋರಾಯಿತು. ಕೇಳಬೇಕಾದ ಪ್ರಶ್ನೆಯೇ ಅದು.

ನಮ್ಮಲ್ಲೂ ಈ ಪ್ರಶ್ನೆ ಕೇಳುವ ವ್ಯವಸ್ಥೆ ಇದೆ. ಭಾರತದ ಸರ್ಕಾರಿ ಆಸ್ಪತ್ರೆಗಳಿಗೆ ರಾಷ್ಟ್ರೀಯ ಗುಣಮಟ್ಟ ಮಾನದಂಡಗಳಿವೆ. ಹೆರಿಗೆ ಕೋಣೆಗೆಂದೇ 2017ರ ಕೊನೆಯಲ್ಲಿ ‘ಲಕ್ಷ್ಯ’ ಯೋಜನೆ ಬಂತು; ಕರ್ನಾಟಕದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳೂ ಇದರ ವ್ಯಾಪ್ತಿಯಲ್ಲಿವೆ. ಪರಿಶೀಲನೆಗೆ ಬಂದವರು ಕಡತ ನೋಡಿ ಹೊರಡುವಂತಿಲ್ಲ. ಕೆಲಸವನ್ನು ಕಣ್ಣಾರೆ ಕಾಣಬೇಕು, ಸಿಬ್ಬಂದಿಯನ್ನು ಕೇಳಬೇಕು, ಬಾಣಂತಿಯನ್ನೂ ಮಾತಾಡಿಸಬೇಕು. ಉಸಿರಾಡದ ಕೂಸಿಗೆ ಬೇಕಾದ ಬ್ಯಾಗ್ ಮತ್ತು ಮಾಸ್ಕ್ ತೋರಿಸಿ ಎಂದಾಗ ನರ್ಸ್ ಬೀರುವಿನ ಕೀಲಿಕೈ ಹುಡುಕಬೇಕಾಗಿ ಬಂದರೆ, ರಿಜಿಸ್ಟರ್ ಎಷ್ಟು ಅಚ್ಚುಕಟ್ಟಾಗಿದ್ದರೂ ಪ್ರಯೋಜನವಿಲ್ಲ. ಪರಿಶೀಲನೆಯಲ್ಲಿ ಗೆದ್ದರೆ ಸಿಗುವ ಪ್ರಮಾಣಪತ್ರದ ಅವಧಿ ಮೂರು ವರ್ಷ, ನಡುವೆ ವರ್ಷ ವರ್ಷವೂ ತಪಾಸಣೆ. ಕಲಿತ ನರ್ಸ್ ವರ್ಗವಾಗಿ ಹೊಸಬರು ಬರುವ ವಾರ್ಡುಗಳಲ್ಲಿ ಈ ತಪಾಸಣೆ ಬಿಗಿಯಾಗಿರಲೇಬೇಕು.