ಮೆಟ್ಟಿಲು ಕಟ್ಟಿಕೊಡೋರು ನಾವೇ

ದಿನಾ ನೂರಾರು ವಿಡಿಯೋ ನೋಡುವ ಕೆಲಸ ನನ್ನದು. ಆದರೂ ಸುಮಾರು ಎರಡು ನಿಮಿಷದ ಒಂದು ವಿಡಿಯೋ ನನ್ನನ್ನು ಬೆಚ್ಚಿಬೀಳಿಸಿತು. ಅದರಲ್ಲಿ ರಕ್ತವಿಲ್ಲ, ಹೊಡೆದಾಟವಿಲ್ಲ. ಇರೋದು ಬರೀ ಬ್ಯಾಕ್ಟೀರಿಯಾ.

2016ರಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲ್‌ನ ಮೈಕೆಲ್ ಬೇಮ್, ರಾಯ್ ಕಿಶೋನಿ ಮತ್ತು ಸಂಗಡಿಗರು 2 ಅಡಿ ಅಗಲ, 4 ಅಡಿ ಉದ್ದದ ತಟ್ಟೆಯೊಂದನ್ನು ಮಾಡಿದರು. ಎರಡೂ ತುದಿಯಲ್ಲಿ ಔಷಧಿಯೇ ಇಲ್ಲ. ನಡುವಿನ ಕಡೆಗೆ ಹೋದಂತೆ ಪಟ್ಟಿ ಪಟ್ಟಿಯಾಗಿ ಆ್ಯಂಟಿಬಯಾಟಿಕ್ ಪ್ರಮಾಣ ಹೆಚ್ಚುತ್ತದೆ. ತುದಿಗಳಲ್ಲಿ ಇ-ಕೋಲೈ ಬ್ಯಾಕ್ಟೀರಿಯಾ ಬಿಟ್ಟರು.

ಏನಾಯ್ತು ಗೊತ್ತಾ? ಮೊದಲ ಗಡಿಯಲ್ಲೇ ಎಲ್ಲವೂ ನಿಂತುಬಿಟ್ಟವು. ಆಮೇಲೆ ಜೀನ್ ಬದಲಾಗಿ ಹುಟ್ಟಿದ ಒಂದೆರಡು ಒಳನುಗ್ಗಿದವು. ಅವುಗಳ ಸಂತಾನವೇ ಆ ಪಟ್ಟಿಯನ್ನು ತುಂಬಿತು. ಮತ್ತೆ ಗಡಿ, ಮತ್ತೆ ಅದೇ ಕಥೆ. ಸುಮಾರು 11 ದಿನದಲ್ಲಿ, ಮೊದಲು ಸಾಯುತ್ತಿದ್ದುದಕ್ಕಿಂತ 1000 ಪಟ್ಟು ಹೆಚ್ಚು ಔಷಧಿಯಲ್ಲೂ ಆರಾಮಾಗಿ ಬೆಳೆದವು!

ಇಲ್ಲೊಂದು ಸೂಕ್ಷ್ಮವಿದೆ. ನೇರವಾಗಿ ಭಾರೀ ಪ್ರಮಾಣದ ಔಷಧಿ ಎದುರಾದಾಗ ಅವುಗಳಿಗೆ ದಾಟೋಕೆ ಆಗಲಿಲ್ಲ. ನಡುವೆ ಮೆಟ್ಟಿಲು ಸಿಕ್ಕಿದ್ದಕ್ಕೇ ಏರಿದವು.

ನಮ್ಮ ಮೈಯೊಳಗೆ ಆ ಮೆಟ್ಟಿಲು ಕಟ್ಟೋರು ಯಾರು ಸ್ವಾಮಿ? ನೆಗಡಿ ಬರೋದು ವೈರಸ್‌ನಿಂದ, ಅದು ಆ್ಯಂಟಿಬಯಾಟಿಕ್‌ಗೆ ಜಗ್ಗಲ್ಲ. ಆದರೂ ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನಲ್ಲಿ 'ಎರಡು ಮಾತ್ರೆ ಕೊಡಿ' ಅನ್ನೋರು ಎಷ್ಟು ಜನ! ಕಡಿಮೆ ಡೋಸ್ ತಗೊಂಡ್ರೆ ರೋಗಾಣುಗಳಿಗೆ ನಾವೇ ಪಾಠ ಕಲಿಸಿದಂತೆ ಅಂತ, ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು.

ಮಾತ್ರೆ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದೆಯಾ ನೋಡಿ. ಇದ್ದರೆ, ಮೊದಲು ಡಾಕ್ಟರ್ ಹತ್ರ ಹೋಗಿ.