ಸ್ಪಿರಿಟ್ ಗಾಡಿಯ ಕ್ಲೀನರ್‌ಗೆ ಪಾಠ ಹೇಳುವವರು ಯಾರು?

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳಿಗೆ ರಾತ್ರಿಯೂ ಬಿಡುವಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಕಾರ್ಖಾನೆಯ ಗೇಟಿನತ್ತ ಸಾಲುಗಟ್ಟಿರುತ್ತವೆ. ಎದುರಿನಿಂದ ಅದೇ ಕಾರ್ಖಾನೆಗಳ ಇಥೆನಾಲ್ ತುಂಬಿಕೊಂಡ ಟ್ಯಾಂಕರ್‌ಗಳು ತೈಲ ಕಂಪನಿಗಳ ಡಿಪೊಗಳಿಗೆ ಹೊರಟಿರುತ್ತವೆ. ಸಂಕೇಶ್ವರದ ಬಳಿ ಪುಣೆ–ಬೆಂಗಳೂರು ಹೆದ್ದಾರಿ ಹತ್ತಿದರೆ ಪೆಟ್ರೋಲ್, ಎಲ್‌ಪಿಜಿ, ಆಸಿಡ್ ಗಾಡಿಗಳೂ ಜತೆಗೂಡುತ್ತವೆ. ದೇಶದಲ್ಲಿ ಪೆಟ್ರೋಲಿಗೆ ಇಥೆನಾಲ್ ಬೆರೆಸುವ ಪ್ರಮಾಣ 2022ರಲ್ಲಿ ಶೇ 10 ಮುಟ್ಟಿತು, 2025ರಲ್ಲಿ ಶೇ 20ಕ್ಕೇರಿತು. ರಾಜ್ಯದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಬೆಳಗಾವಿ ಜಿಲ್ಲೆಯ ಮಟ್ಟಿಗೆ ಇದರ ಅರ್ಥ, ರಸ್ತೆಯ ಮೇಲೆ ಇನ್ನಷ್ಟು ಟ್ಯಾಂಕರ್‌ಗಳು.

ಈ ಟ್ಯಾಂಕರ್‌ಗಳ ಎರಡು ಮಗ್ಗುಲಲ್ಲೂ ಹಿಂಬದಿಯಲ್ಲೂ ಒಂದು ಚೌಕಾಕಾರದ ಫಲಕ ಇರಲೇಬೇಕು. ಹಿಂದೆ ಬೈಕಿನಲ್ಲಿ ಬರುವವರಿಗೆ ಅದು ನಂಬರ್ ಪ್ಲೇಟಿನಷ್ಟೇ ಮಾಮೂಲಿ. ಆದರೆ ಗಾಡಿ ಉರುಳಿ ಬಿದ್ದಾಗ ಊರಿನ ಜೀವ ಉಳಿಸಬಲ್ಲ ಮಾಹಿತಿ ಅದರಲ್ಲಿದೆ. ಇಥೆನಾಲ್ ಆದರೆ 1170, ಪೆಟ್ರೋಲ್ ಆದರೆ 1203: ಇವು ವಿಶ್ವಸಂಸ್ಥೆ ಕೊಟ್ಟ ಸಂಖ್ಯೆಗಳು. ಪಕ್ಕದಲ್ಲಿ ಬೆಂಕಿಯ ಚಿತ್ರವಿರುವ ಕೆಂಪು ವಜ್ರಾಕೃತಿ, ಕೆಳಗೆ ಸರಕು ಕಳಿಸಿದವರ ಫೋನ್ ನಂಬರು. ಮೇಲೆ ಒಂದು ಸಂಕೇತ. ಪೆಟ್ರೋಲ್ ಗಾಡಿಯ ಮೇಲೆ ‘3 ವೈಇ’ ಎಂದಿದ್ದರೆ ನೊರೆ ಹೊಡೆದು ಆರಿಸಿ ಎಂದರ್ಥ. ಇಥೆನಾಲ್ ಸಂಕೇತ ‘2 ವೈಇ’, ಅದರ ಮುಂದೊಂದು ದಪ್ಪ ಚುಕ್ಕೆ. ಆ ಚುಕ್ಕೆಯನ್ನು ಕಡೆಗಣಿಸುವಂತಿಲ್ಲ. ಇಥೆನಾಲ್ ನೀರಿನೊಡನೆ ಬೆರೆಯುವ ದ್ರವ. ಪೆಟ್ರೋಲ್ ಬೆಂಕಿಗೆ ಹೊಡೆಯುವ ಸಾಮಾನ್ಯ ನೊರೆ ಅದರ ಮೇಲೆ ನಿಲ್ಲದೆ ಒಡೆದುಹೋಗುತ್ತದೆ. ಆಲ್ಕೋಹಾಲ್ ತಡೆದುಕೊಳ್ಳುವ ಬೇರೆ ನೊರೆಯೇ ಬೇಕು ಎಂದು ಚುಕ್ಕೆ ಹೇಳುತ್ತದೆ. ಸಾಲದ್ದಕ್ಕೆ, ಸ್ಪಿರಿಟ್ ಉರಿಯುವಾಗ ಹೊಗೆ ಕಡಿಮೆ. ಜ್ವಾಲೆ ಹಾಡಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಬೆಂಕಿ ಇಲ್ಲವೆಂದುಕೊಂಡು ಹತ್ತಿರ ಹೋದವರಿಗೆ ಶಾಖ ತಟ್ಟಿದಾಗಲೇ ಗೊತ್ತಾಗುವುದು.

ಇದನ್ನೆಲ್ಲ ಚಾಲಕ ಕಲಿತಿರಬೇಕೆಂದು ಕಾನೂನು ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದ ಪ್ರಕಾರ ಅಪಾಯಕಾರಿ ಸರಕಿನ ಗಾಡಿ ಓಡಿಸುವವರು ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಮೂರು ದಿನದ ತರಬೇತಿ ಮುಗಿಸಿ, ಆರ್‌ಟಿಒ ಕಚೇರಿಯಲ್ಲಿ ಲೈಸೆನ್ಸಿನ ಮೇಲೆ ಅದನ್ನು ನಮೂದು ಮಾಡಿಸಬೇಕು. ಮೊದಲೆರಡು ದಿನ ಎಚ್ಚರಿಕೆಯ ಚಾಲನೆಯ ಪಾಠ. ಮೂರನೇ ದಿನ ಸರಕಿನ ಗುಣ, ಫಲಕದ ಸಂಕೇತ, ವಾಲ್ವ್‌ಗಳ ಪರಿಚಯ, ಸೋರಿಕೆ ತಡೆ, ಪ್ರಥಮ ಚಿಕಿತ್ಸೆ. ಬಾವಿ, ನದಿ, ಕೆರೆಗೆ ಸರಕು ಸೇರದಂತೆ ಕಾಯುವುದೂ ಪಠ್ಯದಲ್ಲಿದೆ. ಹಿರಣ್ಯಕೇಶಿ, ಘಟಪ್ರಭಾ, ಮಾರ್ಕಂಡೇಯ ಹರಿಯುವ, ಹಿಡಕಲ್ ಜಲಾಶಯವಿರುವ ಈ ಸೀಮೆಗೆ ಆ ಒಂದು ಸಾಲಿನ ಬೆಲೆ ದೊಡ್ಡದು. ಮೊದಲು ಈ ಲೈಸೆನ್ಸ್ ಒಂದೇ ವರ್ಷ ನಡೆಯುತ್ತಿತ್ತು. ನವೀಕರಣಕ್ಕೆ ಒಂದು ದಿನದ ಮರುತರಬೇತಿ ಕಡ್ಡಾಯವಿತ್ತು. 2019ರ ತಿದ್ದುಪಡಿ ಅವಧಿಯನ್ನು ಮೂರು ವರ್ಷಕ್ಕೆ ಏರಿಸಿತು.

ಪಾಠ ಇಲ್ಲಿಗೇ ನಿಲ್ಲುತ್ತದೆ. ಸ್ಟೀರಿಂಗ್ ಹಿಡಿದವರಿಗೆ ಮೂರು ದಿನ ಸಿಕ್ಕಿತು. ಪಕ್ಕದ ಸೀಟಿನ ಕ್ಲೀನರ್‌ಗೆ ಈ ನಿಯಮದಲ್ಲಿ ಒಂದು ಗಂಟೆಯೂ ಇಲ್ಲ. ಕೆಲಸ ನಡೆಯುವ ರೀತಿ ನೋಡಿದರೆ ಇದೆಂಥ ಕೊರತೆ ಎಂಬುದು ತಿಳಿಯುತ್ತದೆ. ಲೋಡಿಂಗ್ ಜಾಗದಲ್ಲಿ ಎಂಜಿನ್ ಆರಿಸಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟ ಮೇಲೆ ಮೊದಲು ಆಗಬೇಕಾದ್ದು ಟ್ಯಾಂಕಿಗೆ ಅರ್ಥಿಂಗ್ ಕ್ಲಿಪ್ ಹಾಕುವುದು. ಕೊಳವೆಯಲ್ಲಿ ರಭಸವಾಗಿ ಹರಿಯುವ ದ್ರವದಿಂದ ಸ್ಥಿರವಿದ್ಯುತ್ ಹುಟ್ಟುತ್ತದೆ; ಅದು ನೆಲಕ್ಕೆ ಇಳಿಯದಿದ್ದರೆ ಒಂದು ಕಿಡಿ ಸಾಕು. ಇಥೆನಾಲ್ ಆವಿ ಹೊತ್ತಿಕೊಳ್ಳಲು ಸುಮಾರು 13 ಡಿಗ್ರಿ ಸೆಲ್ಸಿಯಸ್ ಶಾಖವಿದ್ದರೆ ಆಯಿತು. ನಮ್ಮಲ್ಲಿ ಚಳಿಗಾಲದಲ್ಲೂ ಬಹುಪಾಲು ಹೊತ್ತು ಅಷ್ಟಿರುತ್ತದೆ. ಆ ಕ್ಲಿಪ್ ಹಾಕುವ, ಮುಚ್ಚಳ ಬಿಗಿಯುವ, ರಾತ್ರಿ ಢಾಬಾ ಮುಂದೆ ಗಾಡಿ ಕಾಯುವ ಕೈ ಬಹಳ ಸಲ ಕ್ಲೀನರ್‌ನದೇ. ಅಪಘಾತದಲ್ಲಿ ಚಾಲಕ ಪ್ರಜ್ಞೆ ತಪ್ಪಿದರೆ ಕ್ಯಾಬಿನ್ನಿನಲ್ಲಿರುವ ಸೂಚನೆಯ ಕಾರ್ಡು ತೆಗೆದು ಅಗ್ನಿಶಾಮಕದವರಿಗೆ ಕೊಡಬೇಕಾದವನೂ ಅವನೇ. ಆ ಕಾರ್ಡು ಅವನು ಓದಬಲ್ಲ ಭಾಷೆಯಲ್ಲೂ ಇರಬೇಕಲ್ಲವೇ?

ಉರುಳಿ ಬೀಳುವ ಭಯ ಎಲ್ಲರಿಗೂ ಗೊತ್ತು. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಎಲ್‌ಪಿಜಿ ಟ್ಯಾಂಕರ್ ಸ್ಫೋಟಿಸಿ 20 ಜನ ಸತ್ತರು. ಮರುವರ್ಷ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆ, 2015ರಲ್ಲಿ ಕುಮಟಾ ತಾಲ್ಲೂಕಿನ ಬರ್ಗಿ ಅದೇ ಸಂಕಟ ಕಂಡವು.

ಸರಕು ತಪ್ಪು ಕೈ ಸೇರುವ ಭಯ ಬೇರೆಯೇ. ಅದರ ಪಾಠ ಆ ಮೂರು ದಿನಗಳಲ್ಲಿ ಇಲ್ಲವೇ ಇಲ್ಲ ಎನ್ನಬಹುದು. 2022ರ ಜುಲೈನಲ್ಲಿ ಗುಜರಾತಿನ ಬೋಟಾದ್ ಸುತ್ತಮುತ್ತ ನಲವತ್ತಕ್ಕೂ ಹೆಚ್ಚು ಜನರನ್ನು ಕೊಂದದ್ದು ಗೋದಾಮಿನಿಂದ ಕದ್ದು ಮಾರಿದ ಮೀಥೈಲ್ ಆಲ್ಕೋಹಾಲ್. ಬೆಂಗಳೂರು 1981ರ ಜುಲೈನಲ್ಲೇ ಕಳ್ಳಭಟ್ಟಿಗೆ 308 ಜೀವ ಕಳೆದುಕೊಂಡಿತ್ತು. ಸ್ಪಿರಿಟ್ ಗಾಡಿಗೆ ಅಬಕಾರಿ ಇಲಾಖೆಯ ಪರ್ಮಿಟ್ಟು, ಮೊಹರು ಇರುವುದು ಇದಕ್ಕೇ. ಸ್ಫೋಟಕಗಳ ಕಥೆಯೂ ಬೇರೆಯಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆ ತಂದ ಸ್ಫೋಟಕ ಸಿಡಿದಾಗ ದೂರದೂರದ ಊರುಗಳವರು ಭೂಕಂಪವೆಂದುಕೊಂಡು ಮನೆಯಿಂದ ಹೊರಗೋಡಿದರು. ತಿಂಗಳು ಕಳೆದು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ಪೊಲೀಸರ ಕಣ್ಣು ತಪ್ಪಿಸಿ ಜಿಲೆಟಿನ್ ಕಡ್ಡಿಗಳನ್ನು ಸಾಗಿಸಲು ಹೋಗಿ 6 ಜನ ಸತ್ತರು. ಸ್ಫೋಟಕ ಸಾಗಣೆಗೆ 2008ರ ನಿಯಮಾವಳಿ ಇದ್ದೇ ಇತ್ತು. ಆ ರಾತ್ರಿ ಹೊರೆ ಹೊತ್ತವರ ತನಕ ಅದು ತಲುಪಿರಲಿಲ್ಲ.

ಹೊರದೇಶಗಳು ಈ ಕೊರತೆಯನ್ನು ಎರಡು ದಶಕದ ಹಿಂದೆಯೇ ಕಂಡುಕೊಂಡವು. 2001ರ ಸೆಪ್ಟೆಂಬರ್ ದಾಳಿಯ ಬಳಿಕ, 2003ರಲ್ಲಿ ಅಮೆರಿಕ ತಂದ ನಿಯಮ ಚಾಲಕನಿಗಷ್ಟೇ ಅಲ್ಲ. ತುಂಬುವವರು, ಇಳಿಸುವವರು, ಸರಕಿನ ಕಾಗದಪತ್ರ ಸಿದ್ಧ ಮಾಡುವವರು ಎಲ್ಲರೂ ಭದ್ರತೆಯ ತರಬೇತಿ ಪಡೆಯಬೇಕು. ಕೆಲಸಕ್ಕೆ ಸೇರಿದ 90 ದಿನದೊಳಗೆ ಒಮ್ಮೆ, ಆಮೇಲೆ ಮೂರು ವರ್ಷಕ್ಕೊಮ್ಮೆ. ಯುರೋಪಿನಲ್ಲಿ ಇಂಥ ಗಾಡಿಯಲ್ಲಿರುವ ಪ್ರತಿಯೊಬ್ಬರ ಬಳಿಯೂ ಫೋಟೊ ಇರುವ ಗುರುತಿನ ಚೀಟಿ ಇರಬೇಕು. ಕಲಿಸುವುದೇನೂ ದೊಡ್ಡ ವಿದ್ಯೆಯಲ್ಲ: ಅನುಮಾನದ ಗಾಡಿ ಬೆನ್ನು ಹತ್ತಿದೆಯೇ, ಮೊಹರು ಯಾರಾದರೂ ಮುಟ್ಟಿದ್ದಾರೆಯೇ, ಎಲ್ಲಿ ನಿಲ್ಲಿಸಬಾರದು, ಯಾರಿಗೆ ಫೋನ್ ಮಾಡಬೇಕು. ನಮ್ಮಲ್ಲಿ 2022ರಲ್ಲಿ ನಿಯಮ ತಿದ್ದಿ, ಅಪಾಯಕಾರಿ ಸರಕಿನ ಹೊಸ ಲಾರಿಗಳಿಗೆ ಗಾಡಿ ಎಲ್ಲಿದೆ ಎಂದು ತೋರಿಸುವ ಉಪಕರಣ ಕಡ್ಡಾಯ ಮಾಡಲಾಯಿತು. ಒಳ್ಳೆಯದೇ ಆಯಿತು. ಆದರೆ ಉಪಕರಣ ಗಾಡಿಯ ಜಾಗ ಹೇಳೀತು, ಅದರ ವಾಲ್ವಿನ ಬಳಿ ಯಾರಿದ್ದಾರೆ ಎಂದು ಹೇಳದು.

ಹೊಸ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ರಾಸಾಯನಿಕ ಅಪಘಾತಗಳ ಕುರಿತ 1996ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕು. ವರ್ಷಕ್ಕೊಮ್ಮೆಯಾದರೂ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು. ಅಂಥ ಒಂದು ಅಣಕನ್ನು ಕಾರ್ಖಾನೆಯ ಕಾಂಪೌಂಡ್ ದಾಟಿಸಿ, ಹಂಗಾಮಿಗೆ ಮುಂಚೆ, ಹತ್ತರಗಿ ಟೋಲ್ ಆಸುಪಾಸಿನಲ್ಲೋ ಘಟಪ್ರಭಾ ರಸ್ತೆಯಲ್ಲೋ ನಡೆಸಬಹುದು. ಚಾಲಕರ ಜತೆ ಕ್ಲೀನರ್‌ಗಳನ್ನು, ಲೋಡಿಂಗ್ ಕೆಲಸದವರನ್ನು, ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗರನ್ನು, ಢಾಬಾದವರನ್ನು ಕರೆದು ಒಂದು ಖಾಲಿ ಟ್ಯಾಂಕರ್ ನಿಲ್ಲಿಸಿಕೊಂಡರೆ, ಫಲಕ ಓದುವುದನ್ನೂ ತುರ್ತು ವಾಲ್ವ್ ಮುಚ್ಚುವುದನ್ನೂ ಅರ್ಧ ದಿನದಲ್ಲಿ ಕಲಿಸಿ ಮುಗಿಸಬಹುದು. ಕಾರ್ಖಾನೆಗಳು ಹಂಗಾಮಿಗೆ ಮುಂಚೆ ಬಾಯ್ಲರ್ ಪೂಜೆಗೆ ಜನ ಸೇರಿಸುತ್ತವೆ. ಆ ಹೊತ್ತಿಗೇ ಇದನ್ನೂ ಇಟ್ಟುಕೊಂಡರೆ ಜನರನ್ನು ಬೇರೆಯಾಗಿ ಕರೆಯುವ ಖರ್ಚೂ ಇಲ್ಲ.